ಔಷಧ ಬದಲಾದಾಗ ವ್ರತವೇನಾಗಬೇಕು?

ವ್ರತವನ್ನು ಕೈಕೊಳ್ಳುವುದು ಆತ್ಮ. ಅದನ್ನು ನಡೆಯಿಸಿಕೊಡುವುದು ಶರೀರ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಗುರುಗಳ ಸನ್ನಿಧಿಯಲ್ಲಿ ಕೈಮುಗಿದು ನೋಂಪಿ ಹಿಡಿದ ಶರೀರವು ಐವತ್ತರ ಹೊಸ್ತಿಲಿಗೆ ಬರುವಾಗ ಅದೇ ಸ್ಥಿತಿಯಲ್ಲಿರುವುದಿಲ್ಲ. ದ್ರವ್ಯವು ನಿತ್ಯ, ಪರ್ಯಾಯಗಳು ಅನಿತ್ಯ ಎಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಮನೆಯ ಹೆಣ್ಣುಮಕ್ಕಳ ಶರೀರದ ಪರ್ಯಾಯವು ಬದಲಾಗುವ ಹೊತ್ತಿಗೆ ನಮ್ಮ ಸಮಾಜದಲ್ಲಿ ಈ ಪಾಠವನ್ನು ಯಾರೂ ನೆನೆಯುವುದಿಲ್ಲ. ಹಿಡಿದ ವ್ರತವು ಹಿಡಿದಂತೆಯೇ ನಡೆಯಬೇಕೆಂಬ ಒತ್ತಾಯ ಒಂದು ಕಡೆ. ವೈದ್ಯರು ಬರೆದುಕೊಟ್ಟ ಔಷಧದ ಕಟ್ಟಳೆ ಇನ್ನೊಂದು ಕಡೆ. ಇವೆರಡರ ನಡುವೆ ಸಿಲುಕಿದ ಶ್ರಾವಿಕೆಯು ಯಾರನ್ನೂ ಕೇಳಲಾರದೆ ತನ್ನಷ್ಟಕ್ಕೆ ಒಂದು ತೀರ್ಮಾನ ಮಾಡಿಕೊಳ್ಳುತ್ತಾಳೆ. ಆ ತೀರ್ಮಾನವು ಕೆಲವೊಮ್ಮೆ ವ್ರತಕ್ಕೂ ಹಿತವಲ್ಲ, ದೇಹಕ್ಕೂ ಹಿತವಲ್ಲ. ಆದುದರಿಂದ ಈ ವಿಷಯವನ್ನು ಪತ್ರಿಕೆಯಲ್ಲಿ ಬಿಚ್ಚಿ ವಿಚಾರಿಸುವುದು ಅನುಚಿತವಲ್ಲವೆಂದು ಭಾವಿಸಿದ್ದೇನೆ. ನಾಚಿಕೆಯು ಸ್ತ್ರೀಗೆ ಭೂಷಣವೆಂದು ಹಿರಿಯರು ಹೇಳುವುದುಂಟು. ಪ್ರಾಣಕ್ಕೆ ಎರವಾಗುವ ನಾಚಿಕೆಯನ್ನು ಭೂಷಣವೆನ್ನಲಾಗದು.

ಪ್ರಶ್ನೆಯ ಸ್ವರೂಪ

ಧಾರವಾಡದಲ್ಲಿ ವಾಸವಾಗಿರುವ, ನಲವತ್ತೊಂಬತ್ತು ವಯಸ್ಸಿನ ಒಬ್ಬ ಶ್ರಾವಿಕೆಯು ನನ್ನಲ್ಲಿ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಆಕೆ ಅಷ್ಟಮಿ-ಚತುರ್ದಶಿಗಳಲ್ಲಿ ಪ್ರೋಷಧವನ್ನು ನಡೆಸುವವಳು, ರಾತ್ರಿಭೋಜನವನ್ನು ತ್ಯಜಿಸಿದವಳು, ಹತ್ತು ವರ್ಷದ ದಶಲಕ್ಷಣ ವ್ರತದಲ್ಲಿ ಎಂಟನೆಯ ವರ್ಷವನ್ನು ಮುಟ್ಟಿದವಳು. ಮುಟ್ಟು ನಿಲ್ಲುವ ಕಾಲ ಸಮೀಪಿಸಿದಂತೆ ಆಕೆಗೆ ಮೈಯಲ್ಲಿ ಹಠಾತ್ತನೆ ಉರಿ ಏರುವುದು, ನಡುರಾತ್ರಿ ಬೆವರಿ ಎಚ್ಚರವಾಗುವುದು, ಎದೆ ಹೊಡೆದುಕೊಳ್ಳುವುದು, ಕಾರಣವಿಲ್ಲದ ಸಿಟ್ಟು ಮತ್ತು ಅಳು ಇವೆಲ್ಲ ತೊಡಗಿದವು. ವೈದ್ಯರು ಹಾರ್ಮೋನಿನ ಗುಳಿಗೆಯೊಂದನ್ನು ಕೊಟ್ಟರು. ದಿನಕ್ಕೊಮ್ಮೆ ಹಗಲಿನಲ್ಲಿ ನುಂಗಬೇಕಾದ ಆ ಗುಳಿಗೆಯು ಆಕೆಯ ನಿಯಮಗಳಿಗೆ ಹೊಂದಿಕೊಂಡಿತು. ಪ್ರೋಷಧದ ದಿನ ಏಕಭುಕ್ತ ಮಾಡಿ ಆ ಒಂದೇ ಹೊತ್ತಿನಲ್ಲಿ ಗುಳಿಗೆಯನ್ನೂ ತೆಗೆದುಕೊಳ್ಳುತ್ತಿದ್ದಳು.

ಕೆಲವು ತಿಂಗಳ ಮೇಲೆ ತಲೆಶೂಲೆ ಹೆಚ್ಚಿತು, ರಕ್ತದೊತ್ತಡವೂ ಏರಿತು. ವೈದ್ಯರು ಚಿಕಿತ್ಸೆಯನ್ನು ಬದಲಿಸಿದರು. ಎಸ್ಟ್ರೋಜನ್ ಎಂಬ ಹಾರ್ಮೋನನ್ನು ನುಂಗುವ ಬದಲು ಚರ್ಮಕ್ಕೆ ಸವರುವ ಜೆಲ್ ರೂಪದಲ್ಲಿ ಕೊಟ್ಟರು. ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನನ್ನು ರಾತ್ರಿ ಮಲಗುವ ಹೊತ್ತಿಗೆ ನುಂಗುವ ಕ್ಯಾಪ್ಸೂಲ್ ರೂಪದಲ್ಲಿ ಬರೆದರು. ವೈದ್ಯರ ದೃಷ್ಟಿಯಲ್ಲಿ ಇದು ಒಳ್ಳೆಯ ಬದಲಾವಣೆ. ವ್ರತದ ದೃಷ್ಟಿಯಲ್ಲಿ ನಾಲ್ಕು ತೊಡಕುಗಳು ಒಮ್ಮೆಗೇ ಎದ್ದವು. ಕ್ಯಾಪ್ಸೂಲನ್ನು ರಾತ್ರಿಯೇ ನುಂಗಬೇಕು. ಅದರ ಹೊದಿಕೆ ಪ್ರಾಣಿಜನ್ಯವಾದ ಜಿಲಾಟಿನ್. ಜೆಲ್ಲಿನಲ್ಲಿ ಮದ್ಯಸಾರ ಬೆರೆತಿದೆ. ಇವೆಲ್ಲಕ್ಕೂ ಮಿಗಿಲಾಗಿ, ಚಿಕಿತ್ಸೆ ಬದಲಾದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ರಕ್ತಸ್ರಾವ ಕಾಣಿಸಿಕೊಂಡು, ಬಸದಿಗೆ ಹೋಗಬಹುದೋ ಬಾರದೋ ಎಂಬುದೇ ತಿಳಿಯದಾಯಿತು.

ಭಾದ್ರಪದದ ಪರ್ವ ಬಂದಾಗ ಆಕೆ ಹತ್ತು ದಿನ ಕ್ಯಾಪ್ಸೂಲನ್ನು ಬಿಟ್ಟು, ಜೆಲ್ಲನ್ನು ಮಾತ್ರ ಸವರಿಕೊಂಡಳು. ವೈದ್ಯರಿಗೆ ತಿಳಿಸಲಿಲ್ಲ. ಔಷಧ ನಡೆಯುತ್ತಿರುವುದೇ ಮನೆಯಲ್ಲಿ ಅತ್ತೆಯವರಿಗೆ ಗೊತ್ತಿರಲಿಲ್ಲ. ಪರ್ವ ಮುಗಿದ ಮೇಲೆ ಬಂದು, “ಮಾಸ್ತರ, ಗುಳಿಗಿ ನುಂಗಿದ್ರ ವ್ರತ ಮುರೀತದ, ನುಂಗದಿದ್ರ ನಾನ ಮುರೀತೀನಿ. ಯಾವುದನ್ನ ಉಳಿಸಿಕೊಳ್ಳಲಿ?” ಎಂದು ಕೇಳಿದಳು. ಈ ಪ್ರಶ್ನೆಯು ಒಬ್ಬಳದಲ್ಲ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಇದು ಬಾಯಿಗೆ ಬಾರದೆ ಉಳಿದಿದೆ.

ವೈದ್ಯಶಾಸ್ತ್ರದ ಮಾತು

ಧರ್ಮನಿರ್ಣಯಕ್ಕೆ ಮುಂಚೆ ವಸ್ತುಸ್ಥಿತಿಯನ್ನು ಅರಿಯತಕ್ಕದ್ದು. ಹೆಣ್ಣಿನ ಅಂಡಾಶಯಗಳಲ್ಲಿ ಎಸ್ಟ್ರೋಜನ್, ಪ್ರೊಜೆಸ್ಟೆರಾನ್ ಎಂಬ ಎರಡು ಹಾರ್ಮೋನುಗಳು ಮುಖ್ಯವಾಗಿ ಉತ್ಪತ್ತಿಯಾಗುತ್ತವೆ. ಭಾರತದ ಸ್ತ್ರೀಯರಲ್ಲಿ ಮುಟ್ಟು ಸಂಪೂರ್ಣವಾಗಿ ನಿಲ್ಲುವುದು ಸರಾಸರಿ 46-47ನೆಯ ವಯಸ್ಸಿನ ಸುಮಾರಿಗೆ. ಸತತವಾಗಿ 12 ತಿಂಗಳು ಮುಟ್ಟು ಕಾಣದಿದ್ದರೆ ನಿಂತಿತೆಂದು ಲೆಕ್ಕ. ಅದಕ್ಕೆ ಹಿಂದಿನ ಕೆಲವು ವರ್ಷಗಳೇ ಹೆಚ್ಚು ಕಷ್ಟದವು. ಆ ವರ್ಷಗಳಲ್ಲಿ ಹಾರ್ಮೋನುಗಳು ಒಂದೇ ಸಮನೆ ಇಳಿಯುವುದಿಲ್ಲ; ಒಂದು ತಿಂಗಳು ಏರುತ್ತವೆ, ಮರುತಿಂಗಳು ಕುಸಿಯುತ್ತವೆ. ಮೈಯ ಉರಿ, ನಿದ್ರಾಹೀನತೆ, ಮನಸ್ಸಿನ ತಳಮಳ ಇವು ಈ ಏರಿಳಿತದ ಫಲ.

ಹೊರಗಿನಿಂದ ಸ್ವಲ್ಪ ಹಾರ್ಮೋನು ಕೊಟ್ಟು ಈ ಏರಿಳಿತದ ಕಷ್ಟವನ್ನು ತಗ್ಗಿಸುವುದೇ ಈ ಚಿಕಿತ್ಸೆ. ಇದರ ವಿಷಯದಲ್ಲಿ ಲೋಕವು ಎರಡು ಅತಿಗಳನ್ನು ಕಂಡಿದೆ. 1966ರಲ್ಲಿ ಅಮೆರಿಕದ ರಾಬರ್ಟ್ ವಿಲ್ಸನ್ ಎಂಬ ವೈದ್ಯನು ಮುಟ್ಟು ನಿಲ್ಲುವುದನ್ನು ಒಂದು ಕೊರತೆಯ ರೋಗವೆಂದೇ ಸಾರಿ, ಸ್ತ್ರೀಯರಿಗೆಲ್ಲ ಹಾರ್ಮೋನು ಬೇಕೆಂದು ಪುಸ್ತಕ ಬರೆದನು. 2002ರಲ್ಲಿ ಅದೇ ದೇಶದಲ್ಲಿ 16,608 ಸ್ತ್ರೀಯರ ಮೇಲೆ ನಡೆಯುತ್ತಿದ್ದ ದೊಡ್ಡ ಪರೀಕ್ಷೆಯೊಂದನ್ನು ನಡುವೆ ನಿಲ್ಲಿಸಬೇಕಾಯಿತು. ಸ್ತನದ ಕ್ಯಾನ್ಸರು, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಇವು ತುಸು ಹೆಚ್ಚಾದುದು ಕಂಡುಬಂದು, ಲಕ್ಷಾಂತರ ಸ್ತ್ರೀಯರು ಭೀತಿಯಿಂದ ಔಷಧ ಬಿಟ್ಟರು. ಆ ಬಳಿಕದ ವಿಚಾರಣೆಯಿಂದ ಮಧ್ಯಮಮಾರ್ಗವು ಸ್ಪಷ್ಟವಾಗಿದೆ. ಅರುವತ್ತು ತುಂಬದ, ಮುಟ್ಟು ನಿಂತು ಹತ್ತು ವರ್ಷ ಕಳೆಯದ, ಬೇರೆ ದೋಷಗಳಿಲ್ಲದ ಸ್ತ್ರೀಯರಿಗೆ ಕಷ್ಟವು ತೀವ್ರವಾಗಿದ್ದರೆ ಈ ಚಿಕಿತ್ಸೆಯಿಂದ ಸಾಮಾನ್ಯವಾಗಿ ಹಾನಿಗಿಂತ ಹಿತವೇ ಹೆಚ್ಚು. ಸ್ತನದ ಕ್ಯಾನ್ಸರು ಆದವರಿಗೆ, ರಕ್ತ ಹೆಪ್ಪುಗಟ್ಟಿದ ಪೂರ್ವವೃತ್ತಾಂತವುಳ್ಳವರಿಗೆ, ಯಕೃತ್ತಿನ ರೋಗಿಗಳಿಗೆ ಇದು ಸಾಮಾನ್ಯವಾಗಿ ಸಲ್ಲದು. ಎಷ್ಟೋ ಸ್ತ್ರೀಯರು ಯಾವ ಔಷಧವೂ ಇಲ್ಲದೆ ಈ ಕಾಲವನ್ನು ದಾಟುತ್ತಾರೆ. ಅವರಿಗೆ ಅದರ ಅವಶ್ಯಕತೆಯೇ ಇಲ್ಲ. ಒಂದೇ ವಸ್ತುವು ಒಬ್ಬಳಿಗೆ ಹಿತ, ಇನ್ನೊಬ್ಬಳಿಗೆ ಅಹಿತ ಎಂಬಲ್ಲಿ ಅನೇಕಾಂತವನ್ನು ಕಲಿತವರಿಗೆ ಆಶ್ಚರ್ಯವೇನೂ ಇಲ್ಲ.

ಚಿಕಿತ್ಸೆಯನ್ನು ಏಕೆ ಬದಲಿಸುತ್ತಾರೆ? ನುಂಗಿದ ಎಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಬಲ್ಲದು. ಚರ್ಮದ ಮೂಲಕ ಹೋದದ್ದು ಆ ದಾರಿಯನ್ನು ತಪ್ಪಿಸಿ ನೇರವಾಗಿ ರಕ್ತವನ್ನು ಸೇರುತ್ತದೆ. ಅದರ ಪ್ರಮಾಣವೂ ಹೆಚ್ಚು ಸಮನಾಗಿರುತ್ತದೆ. ಪ್ರೊಜೆಸ್ಟೆರಾನ್ ತೂಕಡಿಕೆ ತರುವುದರಿಂದ ಅದನ್ನು ಮಲಗುವಾಗ ಕೊಡುತ್ತಾರೆ, ನಿದ್ರೆಗೂ ಅನುಕೂಲ. ಹೊಸ ಕ್ರಮಕ್ಕೆ ದೇಹ ಹೊಂದಿಕೊಳ್ಳಲು ವಾರಗಳೇ ಬೇಕು. ಸುಮಾರು ಮೂರು ತಿಂಗಳು ನೋಡಿದ ಮೇಲೆಯೇ ವೈದ್ಯರು ಗುಣಾವಗುಣವನ್ನು ನಿರ್ಣಯಿಸುತ್ತಾರೆ. ಮೊದಲ ಮೂರರಿಂದ ಆರು ತಿಂಗಳು ಅಲ್ಲಲ್ಲಿ ಸ್ರಾವ ಕಾಣುವುದು ಸಾಮಾನ್ಯ. ಅದಕ್ಕೆ ಮೀರಿ ನಡೆದರೆ, ಅಥವಾ ಬಹಳವಾಗಿ ಹೋದರೆ, ಪರೀಕ್ಷೆ ಮಾಡಿಸಲೇಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಗರ್ಭಕೋಶವಿರುವ ಸ್ತ್ರೀಗೆ ಎಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರವು ಮಿತಿಮೀರಿ ಬೆಳೆದು ಕ್ರಮೇಣ ಕ್ಯಾನ್ಸರಿಗೆ ಎಡೆಯಾಗಬಹುದು. ಅದನ್ನು ತಡೆಯಲಿಕ್ಕಾಗಿಯೇ ಪ್ರೊಜೆಸ್ಟೆರಾನ್. ಜೆಲ್ಲು ಬಾಗಿಲು ತೆರೆಯುತ್ತದೆ, ಕ್ಯಾಪ್ಸೂಲು ಆ ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಕಾವಲನ್ನು ಬಿಟ್ಟು ಬಾಗಿಲನ್ನು ಮಾತ್ರ ತೆರೆದಿಡುವುದು ಎರಡನ್ನೂ ಬಿಡುವುದಕ್ಕಿಂತ ಕೆಟ್ಟದ್ದು. ಒಂದು ಸಲದ ಹತ್ತು ದಿನದಿಂದ ಅನಾಹುತವಾಗದೆ ಇರಬಹುದು. ಪ್ರತಿ ಅಷ್ಟಮಿ, ಪ್ರತಿ ಚತುರ್ದಶಿ, ಪ್ರತಿ ಪರ್ವದಲ್ಲಿ ಇದೇ ರೂಢಿಯಾದರೆ ಅಪಾಯವು ಸಂಚಯವಾಗುತ್ತದೆ. ವ್ರತವೆಂದು ತಿಳಿದು ಬಿಟ್ಟದ್ದು ಇಲ್ಲಿ ರಕ್ಷಣೆಯನ್ನೇ ಬಿಟ್ಟಂತಾಯಿತು.

ಸವರುವುದು ಆಹಾರವೇ?

ಆಗಮದಲ್ಲಿ ಆಹಾರವು ಆರು ವಿಧವೆಂದು ಹೇಳಿದೆ: ನೋಕರ್ಮಾಹಾರ, ಕರ್ಮಾಹಾರ, ಕವಲಾಹಾರ, ಲೇಪಾಹಾರ, ಓಜಾಹಾರ, ಮಾನಸಾಹಾರ. ಇವುಗಳಲ್ಲಿ ಲೇಪಾಹಾರವೆಂದರೆ ಹೊರಮೈಯಿಂದ ಹೀರಿಕೊಳ್ಳುವುದು; ಮರಗಿಡಗಳು ಬದುಕುವ ರೀತಿ ಅದು. ಹಾಗಾದರೆ ಚರ್ಮದಿಂದ ಒಳಸೇರುವ ಜೆಲ್ಲೂ ಲೇಪಾಹಾರವೇ ಆಗಿ ಉಪವಾಸವು ಭಂಗವಾಗಲಿಲ್ಲವೇ ಎಂದು ಸೂಕ್ಷ್ಮಮತಿಗಳು ಕೇಳಬಹುದು. ಉತ್ತರವು ಕಷ್ಟವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸವನ್ನು ನಾಲ್ಕು ವಿಧವಾದ ಆಹಾರದ ತ್ಯಾಗವೆಂದು ಲಕ್ಷಣೀಕರಿಸಿದ್ದಾರೆ. ಆ ನಾಲ್ಕೂ ಬಾಯಿಯಿಂದ ಸೇವಿಸುವ ಕವಲಾಹಾರದ ಭೇದಗಳೇ. ಗಾಳಿಯ ತೇವವನ್ನು ಚರ್ಮವು ಸೋಕಿದರೆ ಉಪವಾಸ ಕೆಡುತ್ತದೆಂದು ಯಾರೂ ಹೇಳಿಲ್ಲ.

ಆದರೆ ಅದೇ ಗ್ರಂಥದಲ್ಲಿ ಉಪವಾಸದ ದಿನ ಅಲಂಕಾರ, ಗಂಧ, ಪುಷ್ಪ, ಸ್ನಾನ, ಅಂಜನ, ನಸ್ಯಗಳನ್ನೂ ಬಿಡಬೇಕೆಂದು ಹೇಳಿದೆಯಲ್ಲ? ನಿಜ. ಆ ಸಾಲಿನಲ್ಲಿ ಬರುವ ವಸ್ತುಗಳನ್ನು ಗಮನಿಸಿದರೆ ಅವುಗಳ ತ್ಯಾಗದ ಹೇತುವು ಹೊಳೆಯುತ್ತದೆ: ದೇಹವನ್ನು ಸಿಂಗರಿಸಿ, ಸುಖಪಡಿಸಿ, ಅದರಲ್ಲಿ ರಾಗವನ್ನು ಬೆಳೆಸುವುದನ್ನು ಆ ಒಂದು ದಿನವಾದರೂ ನಿಲ್ಲಿಸಬೇಕು. ತೋಳಿಗೆ ಔಷಧವನ್ನು ಸವರಿಕೊಳ್ಳುವವಳಲ್ಲಿ ಅಂಥ ರಾಗವಿಲ್ಲ. ಗಾಯಕ್ಕೆ ಕಟ್ಟಿದ ಪಟ್ಟಿಯನ್ನು ಉಪವಾಸದ ದಿನ ಬಿಚ್ಚಿಹಾಕಬೇಕೆಂದು ಯಾರಾದರೂ ವಿಧಿಸಿಯಾರೇ? ಬೆಳಿಗ್ಗೆ ಮಿಂದ ಮೇಲೆ ಸವರಿ, ಒಣಗುವ ತನಕ ತಾಳಿ, ಬಳಿಕ ಮಡಿಯುಟ್ಟು ದರ್ಶನಕ್ಕೆ ಹೋಗುವುದರಲ್ಲಿ ದೋಷವು ನನಗೆ ಕಾಣದು.

ರಾತ್ರಿಯ ಕ್ಯಾಪ್ಸೂಲಿನ ಪ್ರಶ್ನೆ ಇದಕ್ಕಿಂತ ಬಿಗಿಯಾದದ್ದು. ರಾತ್ರಿಭುಕ್ತಿವಿರತಿ ಎಂಬ ಆರನೆಯ ಪ್ರತಿಮೆಯಲ್ಲಿ ಜೀವದಯೆಯಿಂದ ನಾಲ್ಕು ಆಹಾರಗಳನ್ನೂ ರಾತ್ರಿ ಬಿಡತಕ್ಕದ್ದು. ಪ್ರತಿಮೆಯನ್ನು ಏರದ ಪಾಕ್ಷಿಕ ಶ್ರಾವಕನಿಗಾದರೋ ರಾತ್ರಿ ನೀರು, ತಾಂಬೂಲ, ಔಷಧಗಳನ್ನು ಬಿಟ್ಟುಕೊಟ್ಟ ಶ್ರಾವಕಾಚಾರಗಳಿವೆ. ಆದ್ದರಿಂದ ತಾನು ಹಿಡಿದದ್ದು ಯಾವ ಮಟ್ಟದ ನಿಯಮ ಎಂಬುದನ್ನು ಆಕೆ ಮೊದಲು ಖಚಿತಪಡಿಸಿಕೊಳ್ಳಬೇಕು. ಬಿಗಿಯಾದ ನಿಯಮವೇ ಆಗಿದ್ದರೆ ವೈದ್ಯರನ್ನು ಕೇಳಲು ದಾರಿಗಳಿವೆ. ಭಾದ್ರಪದದಲ್ಲಿ ನಮ್ಮ ಕಡೆ ಸೂರ್ಯಾಸ್ತವು ಆರೂವರೆಯ ಸುಮಾರಿಗೆ. ಅದಕ್ಕೆ ಮುಂಚೆ ನುಂಗಿ, ಆ ಬಳಿಕ ಒಲೆಯ ಮುಂದಿನ ಕೆಲಸವನ್ನು ಬೇರೆಯವರಿಗೆ ಬಿಟ್ಟು ಬೇಗ ಮಲಗುವುದು ಆದೀತೇ ಎಂದು ಕೇಳಬಹುದು. ಡೈಡ್ರೊಜೆಸ್ಟೆರಾನ್ ಎಂಬ ಇದೇ ಗುಣದ ಔಷಧವು ಮಾತ್ರೆಯ ರೂಪದಲ್ಲಿದೆ. ಗರ್ಭಕೋಶದೊಳಗೆ ಇರಿಸಿ ವರ್ಷಗಟ್ಟಲೆ ಈ ಜಾತಿಯ ಹಾರ್ಮೋನನ್ನು ಅಲ್ಲಿಯೇ ಒದಗಿಸುವ ಸಾಧನವೂ ಇದೆ; ಅದಿದ್ದವಳಿಗೆ ರಾತ್ರಿಯ ಕ್ಯಾಪ್ಸೂಲಿನ ಮಾತೇ ಇಲ್ಲ. ದಿಗಂಬರ ಮುನಿಗಳು ದಿನಕ್ಕೊಂದೇ ಸಲ ಆಹಾರ ಸ್ವೀಕರಿಸುವವರಾದರೂ ಅನಾರೋಗ್ಯದಲ್ಲಿ ಆ ಆಹಾರದ ವೇಳೆಯಲ್ಲೇ ಅವರಿಗೆ ಔಷಧವನ್ನು ಅರ್ಪಿಸುವ ಪರಿಪಾಠವುಂಟು. ಮಹಾವ್ರತಿಗಳಿಗೆ ವೇಳೆ ಹೊಂದಿಸಿ ಔಷಧ ಕೊಡಬಲ್ಲ ಸಮಾಜಕ್ಕೆ ಅಣುವ್ರತಿಯೊಬ್ಬಳಿಗೆ ಹೊಂದಿಸಿಕೊಡುವುದು ಅಸಾಧ್ಯವೇ?

ಔಷಧದ ಮೂಲ

ಔಷಧದಲ್ಲಿ ಮದ್ಯ, ಮಾಂಸ, ಮಧು ಈ ಮೂರು ಮಕಾರಗಳು ಕೂಡದೆಂಬುದು ಜೈನ ವೈದ್ಯದ ಹಳೆಯ ಹಟ. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕದಲ್ಲಿ ಮಾಂಸವಿಲ್ಲದೆಯೇ ರೋಗವನ್ನು ಗೆಲ್ಲಬಹುದೆಂದು ವಾದಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದು ಇದೇ ಪರಂಪರೆಯನ್ನು ಮುಂದುವರಿಸಿದನು. ಈ ಆಚಾರ್ಯರು ಔಷಧವನ್ನು ಬಿಡಿರೆಂದು ಹೇಳಲಿಲ್ಲ. ಶುದ್ಧವಾದ ಔಷಧವನ್ನು ಹುಡುಕಿದರು. ನಮಗೂ ಅದೇ ಮಾದರಿ.

ಈ ಹಾರ್ಮೋನುಗಳ ಮೂಲವನ್ನು ಹುಡುಕಿದರೆ ಕಾಣುವುದೇನು? 1942ರಿಂದ ಅಮೆರಿಕದಲ್ಲಿ ಮಾರಾಟವಾದ ಪ್ರೆಮರಿನ್ ಎಂಬ ಗುಳಿಗೆಯು ಗಬ್ಬದ ಹೆಣ್ಣುಕುದುರೆಗಳ ಮೂತ್ರದಿಂದ ತೆಗೆದದ್ದು. ಅದಕ್ಕಾಗಿ ಕುದುರೆಗಳನ್ನು ತಿಂಗಳುಗಟ್ಟಲೆ ಇಕ್ಕಟ್ಟಾದ ಕಟ್ಟುಗಳಲ್ಲಿ ನಿಲ್ಲಿಸುತ್ತಾರೆ. ಪಂಚೇಂದ್ರಿಯ ಜೀವದ ಬಂಧನವು ಅಹಿಂಸಾಣುವ್ರತದ ಅತಿಚಾರಗಳಲ್ಲೊಂದೆಂದು ಬಲ್ಲ ಶ್ರಾವಿಕೆಯು ಇದನ್ನು ಬಿಡುವುದು ನ್ಯಾಯ. ಬಿಡಲು ದಾರಿಯೂ ಇದೆ. ಇಂದು ಜೆಲ್ಲು ಮತ್ತು ಪಟ್ಟಿಗಳಲ್ಲಿ ಬಳಸುವ ಎಸ್ಟ್ರಾಡಯಾಲ್ ಸಾಮಾನ್ಯವಾಗಿ ಸಸ್ಯಮೂಲದ ವಸ್ತುವಿನಿಂದ ತಯಾರಾದದ್ದು. ಈ ಸಸ್ಯಮಾರ್ಗವನ್ನು 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನಜ್ಞನು ಮೆಕ್ಸಿಕೋ ದೇಶದ ಕಾಡುಗೆಣಸಿನಿಂದ ಪ್ರೊಜೆಸ್ಟೆರಾನ್ ತಯಾರಿಸಿ ತೋರಿಸಿದನು. ಈಗ ಸೋಯಾದಿಂದಲೂ ಮಾಡುತ್ತಾರೆ. ಗೆಣಸಾದರೋ ಕಂದಮೂಲ, ಅನಂತಕಾಯ! ಹೀಗೆ ಕೊನೆಯವರೆಗೆ ಶೋಧಿಸುತ್ತ ಹೋದರೆ ಪೂರ್ಣ ನಿರ್ದೋಷವಾದ ಗುಳಿಗೆ ಗೃಹಸ್ಥನಿಗೆ ದೊರೆಯದು. ಪೂರ್ಣ ನಿರ್ದೋಷವಾದ ಅನ್ನವೂ ದೊರೆಯದು. ಅದಕ್ಕಾಗಿಯೇ ಗೃಹಸ್ಥನಿಗೆ ಅಣುವ್ರತ. ಕುದುರೆಗೂ ಗೆಣಸಿಗೂ ಇರುವ ತಾರತಮ್ಯವನ್ನು ಅರಿತು ಅಲ್ಪದೋಷದ್ದನ್ನು ಆರಿಸಿಕೊಳ್ಳುವುದು ಆಕೆಯ ಧರ್ಮ.

ಜಿಲಾಟಿನ್ ಪ್ರಾಣಿಗಳ ಚರ್ಮ-ಎಲುಬುಗಳಿಂದ ಆಗುತ್ತದೆ. ಇದರಲ್ಲಿ ಉಪೇಕ್ಷೆ ಸಲ್ಲದು. ಪ್ರಮಾದದಿಂದ ಕೂಡಿದ ಪ್ರಾಣಹರಣವೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಬೇರೆ ಮಾರ್ಗವಿದೆಯೇ ಎಂದು ಕೇಳದೆ ನುಂಗಿದರೆ ಅದು ಪ್ರಮಾದ. ಮೇಲೆ ಹೇಳಿದ ಮಾತ್ರೆ, ಸಾಧನಗಳಂತಹ ಮಾರ್ಗಗಳಿರುವಾಗ ಕೇಳುವುದೇ ಮೊದಲ ಕರ್ತವ್ಯ. ಜೆಲ್ಲಿನ ಮದ್ಯಸಾರವು ಸವರಿದೊಡನೆ ಆರಿಹೋಗುವಂಥದ್ದು, ಅಮಲಿಗಾಗಿ ಸೇವಿಸುವಂಥದ್ದಲ್ಲ. ಅದೂ ಮನಸ್ಸಿಗೆ ಒಗ್ಗದವರು ವಾರಕ್ಕೊಂದೆರಡು ಸಲ ಬದಲಿಸುವ ಪಟ್ಟಿಯ ವಿಚಾರವನ್ನು ವೈದ್ಯರಲ್ಲಿ ಎತ್ತಬಹುದು.

ಸಮಂತಭದ್ರರ ದೃಷ್ಟಾಂತ

ಔಷಧಕ್ಕಾಗಿ ನಿಯಮವನ್ನು ಸಡಿಲಿಸುವುದು ಹೇಡಿತನವೆಂದು ಭಾವಿಸುವವರಿಗೆ ಸಮಂತಭದ್ರರ ಚರಿತ್ರೆಯೇ ಸಾಕು. ದೇವಚಂದ್ರನ ರಾಜಾವಳೀ ಕಥೆಯಲ್ಲಿ ಬರುವ ಈ ಪ್ರಸಂಗವು ಕನ್ನಡ ಜೈನರಿಗೆಲ್ಲ ಪರಿಚಿತ. ಮುನಿಯಾಗಿದ್ದಾಗ ಅವರಿಗೆ ಭಸ್ಮಕವ್ಯಾಧಿ ಬಂದಿತು. ಎಷ್ಟು ಉಂಡರೂ ಉರಿದು ಬೂದಿಯಾಗುವ ಹಸಿವು. ಮುನಿಚರ್ಯೆಯಲ್ಲಿ ಅದಕ್ಕೆ ಶಾಂತಿಯಿಲ್ಲ. ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ. ಇವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆಯೆಂದು ಅರಿತು, ದೀಕ್ಷೆಯನ್ನು ಸದ್ಯಕ್ಕೆ ಬಿಟ್ಟು ರೋಗವನ್ನು ಶಮನಪಡಿಸಿಕೊಂಡು ಮರಳಿ ಬರುವಂತೆ ಆದೇಶಿಸಿದರು. ಸಮಂತಭದ್ರರು ಹಾಗೆಯೇ ಮಾಡಿ, ಗುಣವಾದ ಮೇಲೆ ಪುನಃ ದೀಕ್ಷೆ ಪಡೆದರು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳನ್ನು ಎಣಿಸುವಾಗ ಇದೇ ಆಚಾರ್ಯರು ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳನ್ನು ಹೇಳಿ, ಅವು ಪ್ರತೀಕಾರವಿಲ್ಲದವಾಗಿರಬೇಕೆಂಬ ವಿಶೇಷಣವನ್ನು ಸೇರಿಸಿದ್ದಾರೆ. ಪ್ರತೀಕಾರವಿರುವಲ್ಲಿ ದೇಹವನ್ನು ಸವೆಯಿಸುವುದು ಅವರಿಗೆ ಸಮ್ಮತವಲ್ಲ. ಮುಟ್ಟು ನಿಲ್ಲುವ ಕಾಲದ ಕಷ್ಟಕ್ಕೆ ಪ್ರತೀಕಾರವುಂಟು.

ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನಮ್ಮ ಶ್ರಾವಿಕೆಯರು ಆದರ್ಶವಾಗಿ ನೆನೆಯುತ್ತಾರೆ. ಬೆಳಗೊಳದ ಕುಕ್ಕುಟೇಶ್ವರನನ್ನು ಕಾಣುವವರೆಗೆ ಅನ್ನವನ್ನು ಮುಟ್ಟೆನೆಂದು ನೇಮ ಹಿಡಿದು ಬೆಟ್ಟವೇರಿದ ಆಕೆಯ ದಣಿವನ್ನು ಅಕಾಲದ ಮಳೆಯೊಂದು ಆರಿಸಿತೆಂದು ಪ್ರತೀತಿ. ಆ ಮಳೆಯಿಂದ ಆಕೆಯ ವ್ರತಕ್ಕೆ ಕುಂದಾಯಿತೆಂದು ಯಾರೂ ಹೇಳಿಲ್ಲ.

ಶಕ್ತಿಯೂ ತಪಸ್ಸೂ

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಗನುಸಾರವಾದ ತಪಸ್ಸೆಂದೇ ಹೇಳಿದೆ. ಶಕ್ತಿಯನ್ನು ಬಚ್ಚಿಟ್ಟುಕೊಳ್ಳಬಾರದು, ಮೀರಲೂಬಾರದು. ಬಾಹ್ಯತಪಸ್ಸುಗಳು ಆರು, ಅನಶನವು ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆ ತುಂಬ ಉಣ್ಣದಿರುವ ಅವಮೋದರ್ಯ, ತುಪ್ಪ-ಬೆಲ್ಲ-ಉಪ್ಪುಗಳನ್ನು ಬಿಡುವ ರಸಪರಿತ್ಯಾಗ ಇವೂ ತಪಸ್ಸೇ. ಔಷಧ ಬದಲಾದ ಮೊದಲ ಮೂರು ತಿಂಗಳು ನೀರಿಲ್ಲದ ಉಪವಾಸದ ಬದಲು ಔಷಧದೊಡನೆ ಏಕಭುಕ್ತ ಮಾಡಿ ಒಂದೆರಡು ರಸಗಳನ್ನು ಬಿಟ್ಟರೆ ತಪಸ್ಸು ನಿಲ್ಲಲಿಲ್ಲ. ಅದರ ರೂಪ ಬದಲಾಯಿತು.

ತ್ಯಾಗವು ಯಮ, ನಿಯಮ ಎಂದು ಎರಡು ಬಗೆ. ಯಮವು ಯಾವಜ್ಜೀವದ್ದು, ನಿಯಮವು ಕಾಲದ ಮಿತಿಯುಳ್ಳದ್ದು. ನಿಯಮದ ಕಾಲ ಮುಗಿದಾಗ ಅದನ್ನು ಹೊಸದಾಗಿ ಅಳೆದು ಹಿಡಿಯಲು ಅವಕಾಶವಿದೆ. ಯಮವಾಗಿ ಹಿಡಿದದ್ದು ಅಡ್ಡಬಂದರೆ ತಾನೇ ತೀರ್ಮಾನಿಸದೆ ಗುರುಗಳಲ್ಲಿ ನಿವೇದಿಸಿ, ಅವರು ವಿಧಿಸಿದಂತೆ ನಡೆಯತಕ್ಕದ್ದು. ಪರ್ವಕ್ಕೆ ಒಂದು ತಿಂಗಳು ಮುಂಚೆಯೇ ಪಂಚಾಂಗವನ್ನು ಕೈಯಲ್ಲಿ ಹಿಡಿದು ವೈದ್ಯರಲ್ಲಿಗೆ ಹೋಗಿ, “ಈ ದಿನಗಳಲ್ಲಿ ನನಗೆ ಉಪವಾಸವಿದೆ, ಔಷಧವನ್ನು ಹೇಗೆ ಹೊಂದಿಸಲಿ?” ಎಂದು ಕೇಳುವುದು ಜಾಣತನ.

ಹೊತ್ತಲ್ಲದ ಸ್ರಾವದ ವಿಷಯದಲ್ಲಿ ಮನೆಮನೆಯ ರೂಢಿ ಬೇರೆ ಬೇರೆ. ಔಷಧದಿಂದಾದ ಹನಿಸ್ರಾವವನ್ನು ಋತುವೆಂದು ಎಣಿಸಬೇಕೇ ಎಂಬ ಸಂದೇಹವನ್ನು ತಮ್ಮ ಗುರುಗಳಿಂದ ಪರಿಹರಿಸಿಕೊಳ್ಳುವುದು ಮೇಲು. ಬಸದಿಯ ಬಾಗಿಲು ಕೆಲವು ದಿನ ದೂರವಾದರೂ ಭಾವಪೂಜೆ, ಮನಸ್ಸಿನ ಜಪ, ಅನುಪ್ರೇಕ್ಷೆಗಳ ಚಿಂತನೆ ದೂರವಾಗುವುದಿಲ್ಲ. ನೋಂಪಿಯ ಉದ್ಯಾಪನೆ ಒಂದು ವರ್ಷ ಮುಂದೆ ಹೋದರೆ ಪುಣ್ಯವೇನೂ ಸೋರಿಹೋಗದು. ಪರ್ವಕಾಲದಲ್ಲಿ ಮುಟ್ಟನ್ನು ಮುಂದೂಡಲು ಔಷಧದ ಅಂಗಡಿಯಿಂದ ತಾವೇ ಗುಳಿಗೆ ತರಿಸಿ ನುಂಗುವ ರೂಢಿಯೊಂದು ಬೆಳೆದಿದೆ. ಹಾರ್ಮೋನು ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಅದರ ಮೇಲೆ ಇದನ್ನು ಸೇರಿಸುವುದು ಸರ್ವಥಾ ಕೂಡದು.

ಕ್ಷಮೆಯು ಯಾರದು?

ಇಷ್ಟರಲ್ಲಿ ಇನ್ನೂ ಆಳವಾದ ಶಂಕೆಯೊಂದು ಉಳಿಯುತ್ತದೆ. ದಶಲಕ್ಷಣದ ಮೊದಲ ದಿನ ಉತ್ತಮ ಕ್ಷಮೆ. ಹಾರ್ಮೋನು ಇಳಿದಾಗ ಸಿಟ್ಟು ಏರುತ್ತದೆ, ತೋಳಿಗೆ ಜೆಲ್ಲು ಸವರಿದರೆ ಸಿಟ್ಟು ಇಳಿಯುತ್ತದೆ ಎಂದಾದರೆ, ಆ ಕ್ಷಮೆಯು ಆತ್ಮದ್ದೋ, ಔಷಧದ್ದೋ? ಔಷಧದಿಂದ ಬಂದ ಶಾಂತಿಯನ್ನು ಧರ್ಮವೆಂದು ಎಣಿಸಬಹುದೇ?

ನಿಮಿತ್ತ-ಉಪಾದಾನಗಳ ವಿವೇಕವನ್ನು ಬಲ್ಲವರಿಗೆ ಉತ್ತರ ದೊರೆಯುತ್ತದೆ. ಹೊಟ್ಟೆ ತುಂಬಿದವನು ತಾಳ್ಮೆಯಿಂದಿರುತ್ತಾನೆ. ಚೆನ್ನಾಗಿ ನಿದ್ರೆ ಮಾಡಿದವನು ಸೌಮ್ಯನಾಗಿರುತ್ತಾನೆ. ಅವನ ತಾಳ್ಮೆಯು ಅನ್ನದ್ದೆಂದು ನಾವು ತಳ್ಳಿಹಾಕುವುದಿಲ್ಲ. ಅನ್ನ, ನಿದ್ರೆ, ಔಷಧ ಇವೆಲ್ಲ ಬಾಹ್ಯ ನಿಮಿತ್ತಗಳು. ಅವು ಅಡ್ಡಿಯನ್ನು ಸರಿಸುತ್ತವೆ. ಕ್ಷಮೆಯ ಪರಿಣಾಮವನ್ನು ಹೊಂದಬೇಕಾದುದು ಆತ್ಮವೇ. ಔಷಧ ತೆಗೆದುಕೊಂಡೂ ಮಾತ್ಸರ್ಯವನ್ನು ಬೆಳೆಸುವವರು ಉಂಟು. ಔಷಧವಿಲ್ಲದ ಕಷ್ಟದ ರಾತ್ರಿಯಲ್ಲೂ ಕ್ಷಮೆಯನ್ನು ಬಿಡದವರು ಉಂಟು. ಇದರಿಂದ ಮನೆಯವರಿಗೂ ಒಂದು ಪಾಠವಿದೆ. ಆಕೆಯ ಸಿಟ್ಟಿನಲ್ಲಿ ದೇಹದ ಪಾಲು ಎಷ್ಟಿದೆಯೆಂದು ತಿಳಿದಮೇಲೂ ಅದನ್ನು ಆಕೆಯ ಸ್ವಭಾವದೋಷವೆಂದು ಆಡಿಕೊಂಡರೆ, ಆ ದಿನ ಕ್ಷಮೆಯ ವ್ರತವನ್ನು ಮುರಿದವರು ಮನೆಯವರೇ.

ಶಲ್ಯವೇ ನಿಜವಾದ ಭಂಗ

ಈಗ ಮೊದಲಿನ ಪ್ರಶ್ನೆಗೆ ನನ್ನ ನಿರ್ಣಯವನ್ನು ಹೇಳುತ್ತೇನೆ. ಕ್ಯಾಪ್ಸೂಲು ವ್ರತವನ್ನು ಮುರಿಯಲಿಲ್ಲ, ಜೆಲ್ಲೂ ಮುರಿಯಲಿಲ್ಲ. ವ್ರತಕ್ಕೆ ಧಕ್ಕೆ ತಂದದ್ದು ಮುಚ್ಚುಮರೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನನ್ನು ಮಾತ್ರ ವ್ರತಿಯೆಂದು ಕರೆಯಬಹುದೆಂಬುದು ಉಮಾಸ್ವಾಮಿಗಳ ಮತ. ಶಲ್ಯವೆಂದರೆ ಒಳಗೆ ಮುರಿದುಳಿದ ಮುಳ್ಳು. ಹೊರಗೆ ಕಾಣದು, ನಡೆದಲ್ಲೆಲ್ಲ ನೋಯಿಸುತ್ತದೆ. ವೈದ್ಯರಿಂದ ಉಪವಾಸವನ್ನು ಮುಚ್ಚಿಟ್ಟು, ಅತ್ತೆಯಿಂದ ಔಷಧವನ್ನು ಮುಚ್ಚಿಟ್ಟು ಮಾಡಿದ ಹತ್ತು ದಿನದ ಉಪವಾಸದಲ್ಲಿ ಈ ಮುಳ್ಳು ಇದ್ದೇ ಇರುತ್ತದೆ. ಅದನ್ನು ತೆಗೆಯುವ ಉಪಾಯವು ಸರಳ: ವೈದ್ಯರಿಗೆ ವ್ರತವನ್ನು ಹೇಳುವುದು, ಗುರುಗಳಿಗೆ ಔಷಧವನ್ನು ಹೇಳುವುದು, ಮನೆಯವರಿಗೆ ಎರಡನ್ನೂ ಹೇಳುವುದು. ಬಿಟ್ಟ ಕ್ಯಾಪ್ಸೂಲಿನ ಸಂಗತಿಯನ್ನು ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.

ಆದರೆ ಆಕೆ ಹೇಳಬೇಕಾದರೆ ಕೇಳುವವರು ಯೋಗ್ಯರಾಗಿರಬೇಕು. ಸೊಸೆಯ ಗುಳಿಗೆಯನ್ನು ಕಂಡು, “ನಮ್ಮ ಕಾಲದಾಗ ಇವೆಲ್ಲ ಇರಲಿಲ್ಲ” ಎನ್ನುವ ಮನೆಯಲ್ಲಿ ಸೊಸೆಯು ಗುಳಿಗೆಯನ್ನು ಬಚ್ಚಿಡುವುದು ಸಹಜ. ಆ ಮಾಯೆಯ ಪಾಪದಲ್ಲಿ ಮನೆಯವರಿಗೂ ಪಾಲಿದೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ನಾವು ನೋಂಪಿಯ ದಿನ ಸತ್ಪಾತ್ರರಿಗೆ ಔಷಧ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತೇವೆ. ವೈಯಾವೃತ್ಯವು ಆಭ್ಯಂತರ ತಪಸ್ಸುಗಳಲ್ಲಿ ಒಂದು, ಉಪವಾಸಕ್ಕಿಂತ ಒಳಗಿನದು. ಹೆಂಡತಿಯನ್ನು ಪರೀಕ್ಷೆಗೆ ಕರೆದೊಯ್ಯುವ ಗಂಡ, ಸೂರ್ಯಾಸ್ತಕ್ಕೆ ಮುಂಚೆ ಔಷಧವನ್ನು ನೆನಪಿಸಿ ಸಂಜೆಯ ಕೆಲಸವನ್ನು ತನ್ನ ಮೇಲೆ ಹಾಕಿಕೊಳ್ಳುವ ಅತ್ತೆ, ತಾಯಿಯ ಸಿಟ್ಟನ್ನು ಎದುರುತ್ತರವಿಲ್ಲದೆ ತಾಳುವ ಮಗ, ಇವರೆಲ್ಲ ಆ ತಪಸ್ಸನ್ನೇ ಮಾಡುತ್ತಿದ್ದಾರೆ.

ಬರುವ ಭಾದ್ರಪದಕ್ಕೆ ಮುಂಚೆ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರು ತಮ್ಮ ಹೆಣ್ಣುಮಕ್ಕಳನ್ನು ಕರೆದು, “ಏನಾದರೂ ಔಷಧ ನಡೆದಿದೆಯೇನವ್ವಾ? ಉಪವಾಸವನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡೋಣ” ಎಂದು ಒಂದು ಮಾತು ಕೇಳಲಿ. ಆ ಒಂದು ಮಾತಿನಿಂದ ಎಷ್ಟೋ ಶಲ್ಯಗಳು ಕಳಚಿ ಬೀಳುತ್ತವೆ. ಶ್ರಾವಿಕೆಯರ ಆರೋಗ್ಯವೂ ವ್ರತವೂ ಒಟ್ಟಿಗೆ ವರ್ಧಿಸಲಿ.